ಮೈಕ್ ಒತ್ತಿದ್ರೆ ಲ್ಯಾಪ್‌ಟಾಪ್ ಯಾಕೆ ನಿಲ್ಲುತ್ತೆ?

ಅಕ್ಟೋಬರ್ ಕೊನೇ ಪೂರ್ತಿ ವೀಕೆಂಡಲ್ಲಿ ಬರೋ, ಹ್ಯಾಮ್ (ಹವ್ಯಾಸಿ ರೇಡಿಯೋ) ಜನರ ಸಿಕ್ಯೂ ವರ್ಲ್ಡ್ ವೈಡ್ ಕಾಂಟೆಸ್ಟ್ ನಮ್ಮ ಟೈಮ್ ಪ್ರಕಾರ ಶನಿವಾರ ಬೆಳಿಗ್ಗೆ 5:30ಕ್ಕೆ ಶುರು, 48 ಗಂಟೆ ನಡೆಯುತ್ತೆ. ಹಿಂದಿನ ದಿನ ಮೂಡಿಗೆರೆ ಕಡೆ ತೋಟದಿಂದ ಹ್ಯಾಮ್ ಗೆಳೆಯರೊಬ್ರು ಫೋನ್ ಮಾಡಿ "ಸಾರ್, 40 ಮೀಟರ್ ಬ್ಯಾಂಡಲ್ಲಿ ಮೈಕ್ ಒತ್ತಿದ ತಕ್ಷಣ ಯುಎಸ್‌ಬಿ ಕಟ್ ಆಗಿ ಲಾಗಿಂಗ್ (ಮಾತಾಡಿದ ಸ್ಟೇಷನ್‌ಗಳನ್ನ ಬರೆದಿಡೋದು) ನಿಂತೋಗ್ತಿದೆ, ಕೇಳೋಣ ಅಂದ್ರೆ ಸಿಕ್ಕಾಪಟ್ಟೆ ನಾಯ್ಸ್, ಹೊಸ ಲ್ಯಾಪ್‌ಟಾಪ್ ತಗೊಂಡ್‌ಬಿಡ್ಲಾ?" ಅಂದ್ರು. ಬೇಡ, ಬರ್ತೀನಿ ಇರಿ ಅಂತ ಹಾಸನದಿಂದ ಹೊರಟೆ.

ಇವು ಎರಡು ಬೇರೆ ಬೇರೆ ತೊಂದರೆ. ಒಂದರಲ್ಲಿ ಹೊರಗಿನ ಗಲಾಟೆ ರೇಡಿಯೋಗೆ ಬರ್ತಿದೆ, ಇನ್ನೊಂದರಲ್ಲಿ ನಮ್ಮ ರೇಡಿಯೋನೇ ಕಂಪ್ಯೂಟರ್‌ಗೆ ಕಾಟ ಕೊಡ್ತಿದೆ. ಎರಡನ್ನೂ ಕಲಸಿಕೊಂಡು ಕೂತ್ರೆ ಬೆಳಗಾಗುತ್ತೆ ಅಷ್ಟೇ.

ಮೊದಲು ನಾಯ್ಸ್ ನೋಡಿದ್ವಿ. ರೇಡಿಯೋನ ಕಾರ್ ಬ್ಯಾಟರಿಗೆ ಹಾಕಿ ಮನೆ ಮೇನ್ ಸ್ವಿಚ್ಚೂ ಯುಪಿಎಸ್ಸೂ ಆಫ್ ಮಾಡಿದ್ವಿ, ಅರ್ಧಕ್ಕರ್ಧ ಇಳೀತು, ಆಮೇಲೆ ಒಂದೊಂದೇ ಆನ್ ಮಾಡ್ತಾ ಹೋದಾಗ ಸಿಕ್ಕಿದ್ದು ಲ್ಯಾಪ್‌ಟಾಪ್ ಚಾರ್ಜರ್. ಆದ್ರೆ ಸೆಕೆಂಡಿಗೊಂದ್ಸಲ ಟಕ್, ಟಕ್ ಅನ್ನೋದು ಮಾತ್ರ ಹೋಗ್ಲೇ ಇಲ್ಲ. ಮಲೆನಾಡಲ್ಲಿ ಇರೋರಿಗೆ ಈ ಸದ್ದು ಗೊತ್ತಿರ್ಬೇಕು, ಆನೆಗೆ ಅಂತ ಹಾಕಿರೋ ಸೋಲಾರ್ ಬೇಲಿ ಅದು. ಬೇಲಿ ಚೆನ್ನಾಗಿದ್ರೆ ಇಷ್ಟು ಜೋರಾಗಿ ಕೇಳಲ್ಲ, ಎಲ್ಲೋ ಕಿಡಿ ಹಾರ್ತಿದ್ರೆ ಕೇಳುತ್ತೆ. ಚಿಕ್ಕ ಎಎಂ ರೇಡಿಯೋ ಹಿಡ್ಕೊಂಡು ಬೇಲಿ ಪಕ್ಕ ನಡೀತಾ ಹೋದ್ವಿ, ಒಂದು ಕಂಬದ ಹತ್ರ ಸದ್ದು ಜೋರಾಯ್ತು, ನೋಡಿದ್ರೆ ಒದ್ದೆ ಬಳ್ಳಿಯೊಂದು ತಂತಿಗೆ ತಾಗ್ತಾ ಇದೆ. ಬೇಲಿ ಮಷಿನ್ ಆಫ್ ಮಾಡ್ಸಿ ಬಳ್ಳಿ ಕಡಿದ್ವಿ, ಟಕ್ ಟಕ್ ಹೋಯ್ತು.

ಇನ್ನು ಯುಎಸ್‌ಬಿ. ಪವರ್ 100 ವ್ಯಾಟ್‌ನಿಂದ 10ಕ್ಕೆ ಇಳಿಸಿದಾಗ ಲ್ಯಾಪ್‌ಟಾಪ್ ಸುಮ್ಮನಾಯ್ತು, ಅಂದ್ರೆ ಸಾಫ್ಟ್‌ವೇರ್ ತಪ್ಪಲ್ಲ, ಆರ್‌ಎಫ್ (ನಮ್ಮದೇ ರೇಡಿಯೋ ಸಿಗ್ನಲ್) ಒಳಗೆ ಬರ್ತಿದೆ. ಅವರದ್ದು ಮನೆಯಿಂದ ಸಿಲ್ವರ್ ಮರಕ್ಕೆ ಎಳೆದ ಎಂಡ್ ಫೆಡ್ ಆಂಟೆನಾ, ಅಂದ್ರೆ ಒಂದು ತುದಿಯಿಂದ ಪವರ್ ಕೊಡೋ ತಂತಿ. ಅದಕ್ಕೆ ಬೇರೆ ಕೌಂಟರ್‌ಪಾಯ್ಸ್ (ಕರೆಂಟ್ ವಾಪಸ್ ಬರೋಕೆ ಹಾಕೋ ಇನ್ನೊಂದು ತಂತಿ) ಇಲ್ಲದಿದ್ರೆ ರೇಡಿಯೋದಿಂದ ಆಂಟೆನಾಗೆ ಹೋಗೋ ಕೋಆಕ್ಸ್ ಕೇಬಲ್‌ನ ಹೊರಗಿನ ಜಾಲರಿನೇ ಆಂಟೆನಾದ ಇನ್ನೊಂದು ಭಾಗ ಆಗಿಬಿಡುತ್ತೆ, ಅದರ ಮೇಲೆ ಹರಿಯೋ ಕರೆಂಟ್ ಸೀದಾ ಟೇಬಲ್ ತನಕ ಬಂದು ಯುಎಸ್‌ಬಿ ಕೇಬಲ್ ಹತ್ತುತ್ತೆ. ಅವರು ಒಂದು ಕ್ಲಿಪ್ ಫೆರೈಟ್ (ಕೇಬಲ್ ಮೇಲೆ ಹರಿಯೋ ಆರ್‌ಎಫ್ ತಡೆಯೋ ತುಂಡು) ಹಾಕಿ "ಇದು ಕೆಲಸ ಮಾಡಲ್ಲ" ಅಂತ ಬಿಟ್ಟಿದ್ರು. ಎಷ್ಟೋ ಜನ ಇಲ್ಲೇ ಕೈ ಚೆಲ್ಲೋದು ನೋಡಿ ನಂಗೆ ಬೇಜಾರಾಗುತ್ತೆ. 7 ಮೆಗಾಹರ್ಟ್ಜ್‌ನಲ್ಲಿ, ಅಂದ್ರೆ ಈ 40 ಮೀಟರ್ ಬ್ಯಾಂಡಲ್ಲಿ, ಒಂದೇ ಸಲ ತೂರಿಸಿದ ವೈರಿಗೆ ಬರೋ ತಡೆ ತೀರಾ ಕಮ್ಮಿ, ಸುತ್ತು ಎರಡಾದ್ರೆ ತಡೆ ಹೆಚ್ಚುಕಮ್ಮಿ ನಾಲ್ಕು ಪಟ್ಟು, ಮೂರಾದ್ರೆ ಒಂಬತ್ತು ಪಟ್ಟು. 31 ಮಿಕ್ಸ್ ಅನ್ನೋ ಜಾತಿಯ ಫೆರೈಟ್‌ನ ದೊಡ್ಡ ರಿಂಗಿಗೆ ಕೋಆಕ್ಸ್‌ನ ಹತ್ತು ಸುತ್ತು ಸುತ್ತಿ ಮನೆ ಒಳಗೆ ಬರೋ ಜಾಗದಲ್ಲಿ ಹಾಕಿದ್ವಿ, ಉದ್ದದ ಯುಎಸ್‌ಬಿ ಕೇಬಲ್ ತೆಗೆದು ಗಿಡ್ಡದ್ದು ಹಾಕಿ ಅದಕ್ಕೂ ಒಂದು ರಿಂಗ್. ಪವರ್ 25, 50, 100 ಅಂತ ಏರಿಸಿದ್ವಿ, ಲ್ಯಾಪ್‌ಟಾಪ್ ಅಲ್ಲಾಡ್ಲಿಲ್ಲ.

15 ಮೀಟರ್ ಬ್ಯಾಂಡಲ್ಲಿ ಮಾತ್ರ ಮೌಸ್ ಆಗಾಗ ನಿಲ್ತಿತ್ತು, ಅದರ ವೈರನ್ನೂ ರಿಂಗಿಗೆ ಸುತ್ತಿಕೊಟ್ಟು ರಾತ್ರಿ ಹನ್ನೊಂದಕ್ಕೆ ಹೊರಟೆ.