ಊರಿನಲ್ಲಿ ಕಾಯಿಲೆ ಹೆಚ್ಚಿದೆ ಎನಿಸಿದಾಗ ಪರಿಸರ ಆರೋಗ್ಯ ನೋಂದಣಿ ಬೇಕೇ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಹಳ್ಳಿ. ಕುಡಿಯುವುದು ಬೋರ್‌ವೆಲ್ ನೀರು. ಸುತ್ತಲಿನ ಕಬ್ಬು, ಭತ್ತದ ಗದ್ದೆಗಳಿಗೆ ಔಷಧಿ ಹೊಡೆಯುವುದು ತಪ್ಪುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಲ್ಲಿ ಕೀಲುನೋವು ಕಾಣುತ್ತಿವೆ. ಈಚೆಗೆ ಕ್ಯಾನ್ಸರ್ ಕೂಡ ಹೆಚ್ಚಿದೆ ಎನ್ನುತ್ತಾರೆ. ಪರಿಸರ ಆರೋಗ್ಯ ನೋಂದಣಿ ತೆರೆಯಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು. ಆದರೆ ನೀವು ಹೇಳಿರುವ ತೊಂದರೆಗಳು ಬೇರೆ ಬೇರೆ ಜಾತಿಯವು. ಎಲ್ಲಕ್ಕೂ ನೋಂದಣಿಯೇ ದಾರಿಯಲ್ಲ.

ಒಂದು ಮಾಲಿನ್ಯಕ್ಕೆ ಒಳಗಾದವರ ಹೆಸರು, ವಯಸ್ಸು, ವಾಸದ ಜಾಗ, ಎಷ್ಟು ಕಾಲ ಅದಕ್ಕೆ ಒಳಗಾಗಿದ್ದರು ಎಂಬ ವಿವರಗಳನ್ನು ದಾಖಲಿಸಿಕೊಂಡು, ಅವರ ಆರೋಗ್ಯವನ್ನು ಹತ್ತಾರು ವರ್ಷ ಬಿಡದೆ ಗಮನಿಸುತ್ತಾ ಹೋಗುವ ವ್ಯವಸ್ಥೆಯೇ ನೋಂದಣಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅನಿಲಪೀಡಿತ ಬಡಾವಣೆಗಳ 80,021 ಜನರನ್ನೂ, ಹೋಲಿಕೆಗಾಗಿ ಅನಿಲ ತಾಗದ ಬಡಾವಣೆಗಳ ಜನರನ್ನೂ ಹೀಗೆ ನೋಂದಾಯಿಸಿಕೊಂಡಿತು. ಅಲ್ಲಿ ಸೋರಿದ್ದು ಏನು, ಎಲ್ಲಿ, ಯಾವಾಗ ಎಂಬುದು ಗೊತ್ತಿತ್ತು. ಬದುಕುಳಿದವರಿಗೆ ಮುಂದೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನೋಂದಣಿಗೆ ಅರ್ಥ ಬರುವುದು ಇಂಥ ಪ್ರಶ್ನೆ ಉಳಿದಿರುವ ಕಡೆ.

ಹಲ್ಲಿನ ಕಲೆಯ ವಿಷಯದಲ್ಲಿ ಅಂಥ ಪ್ರಶ್ನೆ ಉಳಿದಿಲ್ಲ. ಅದಕ್ಕೆ ಅಂತರ್ಜಲದಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ ಕಾರಣವಾಗಿದ್ದರೆ, ಒಸಡಿನೊಳಗೆ ಶಾಶ್ವತ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲೇ ಕಲೆ ಬಿದ್ದಿರುತ್ತದೆ; ಆದ್ದರಿಂದ ಹನ್ನೆರಡು ವರ್ಷದ ಮಗುವಿನ ಹಲ್ಲು ಹೇಳುವುದು ಆ ಮಗು ಹಿಂದೆ ಕುಡಿದ ನೀರಿನ ಕಥೆಯನ್ನು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದಲ್ಲಿ ಮಾತ್ರ 1.5ರವರೆಗೆ ಒಪ್ಪಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆದ್ದರಿಂದ ಪ್ರತಿಯೊಂದು ಬೋರ್‌ವೆಲ್‌ನ ನೀರನ್ನೂ ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ, ಮಿತಿ ಮೀರಿದವುಗಳ ಬದಲು ನದಿ ಮೂಲದ ನೀರನ್ನು ಕೇಳಿ. ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ, ಕೀಲುಗಳಿಗೆ ಬರುವ ಕಾಯಿಲೆಯ ನಿಯಂತ್ರಣಕ್ಕೆ 2008-09ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಮಾಡಬೇಕಾದದ್ದು ಗೊತ್ತಿದ್ದೂ ಮಕ್ಕಳ ಹೆಸರು ಬರೆಯುತ್ತಾ ಕೂರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕ್ಯಾನ್ಸರ್ ವಿಷಯದಲ್ಲಿ ತೊಡಕು ಬೇರೆ. ವರ್ಷಕ್ಕೆ ಲಕ್ಷ ಜನರಲ್ಲಿ ಐವರಿಗೆ ಬರುವ ಒಂದು ಬಗೆಯ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳೋಣ. 3,000 ಜನರ ಊರಿನಲ್ಲಿ ಅದು ಕಾಣಿಸುವುದು ಸುಮಾರು ಆರೇಳು ವರ್ಷಕ್ಕೊಮ್ಮೆ. ಅಪಾಯ ನಿಜವಾಗಿಯೂ ಎರಡು ಪಟ್ಟಾಗಿದ್ದರೂ ಮೂರು ವರ್ಷಕ್ಕೊಂದು ಆಗಬಹುದು, ಅಷ್ಟೇ. ಆಕಸ್ಮಿಕವಾಗಿ ಒಂದೇ ವರ್ಷ ಇಬ್ಬರಿಗೆ ಬಂದುದಕ್ಕೂ ಇದಕ್ಕೂ ಇರುವ ಭೇದವನ್ನು ಒಂದೂರಿನ ಪಟ್ಟಿ ತೋರಿಸಲಾರದು. ಅಲ್ಲದೆ ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆಯಲ್ಲ, ಕಾರಣಕ್ಕೂ ರೋಗಕ್ಕೂ ನಡುವೆ ಹತ್ತು, ಇಪ್ಪತ್ತು ವರ್ಷ ಕಳೆದಿರಬಹುದು, ಮತ್ತು ನಮ್ಮ ಕಡೆಯ ರೋಗಿಗಳು ಚಿಕಿತ್ಸೆಗೆ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗುವುದರಿಂದ ಊರಲ್ಲಿ ಅವರ ದಾಖಲೆಯೇ ಉಳಿಯುವುದಿಲ್ಲ. ಜಿಲ್ಲೆಯ ಮಟ್ಟಕ್ಕಿಂತ ಕೆಳಗೆ ಕ್ಯಾನ್ಸರ್ ನೋಂದಣಿಯನ್ನು ಮಾಡಬಾರದು. ಈಗ ಮಾಡಬಹುದಾದದ್ದು, ಯಾರಿಗೆ ಯಾವ ಅಂಗದ ಕ್ಯಾನ್ಸರ್ ಎಂಬುದನ್ನು ಮನೆಯವರ ಒಪ್ಪಿಗೆ ಪಡೆದು, ಆಸ್ಪತ್ರೆಯ ಕಾಗದ ನೋಡಿ ಖಚಿತಪಡಿಸಿಕೊಂಡು ಜಿಲ್ಲಾ ಆರೋಗ್ಯಾಧಿಕಾರಿಗಳ ಗಮನಕ್ಕೆ ತರುವುದು.

ನೋಂದಣಿಗೆ ತಕ್ಕ ವಿಷಯವೆಂದು ನನಗೆ ತೋರುವುದು ನೀವು ಒಂದೇ ಮಾತಿನಲ್ಲಿ ಹೇಳಿ ಮುಗಿಸಿರುವ ಔಷಧಿ ಹೊಡೆಯುವವರ ಸಂಗತಿ. ಕೀಟನಾಶಕಕ್ಕೂ, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೂ ನಂಟಿರುವುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ನಮ್ಮ ಗದ್ದೆಗಳಲ್ಲಿ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ದುಡಿಯುವ ಕೂಲಿಯವರಿಗೆ ಇಪ್ಪತ್ತು ವರ್ಷದ ನಂತರ ಏನಾಗುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಇಲ್ಲಿ ಕಾಲ ನಮ್ಮ ಕಡೆಗಿಲ್ಲ. ಆರ್ಗನೋಫಾಸ್ಫೇಟ್ ಎಂಬ ಜಾತಿಯ ಕೀಟನಾಶಕಗಳು ಕೆಲವೇ ದಿನಗಳಲ್ಲಿ ಮೈಯಿಂದ ಹೊರಹೋಗುತ್ತವೆ. ಯಾರು, ಯಾವ ದಿನ, ಯಾವ ಡಬ್ಬಿಯ ಔಷಧಿಯನ್ನು, ಕೈಗವಸು ಹಾಕಿಕೊಂಡೋ ಬರಿಗೈಯಲ್ಲೋ ಹೊಡೆದರು ಎಂಬುದನ್ನು ಆಗಲೇ ಬರೆದಿಡದಿದ್ದರೆ ಮುಂದೆ ಯಾವ ಪರೀಕ್ಷೆಯೂ ಅದನ್ನು ಹೇಳಲಾರದು. ಎಚ್ಚರದಿಂದ ಇಟ್ಟ ದಾಖಲೆಯ ಬೆಲೆಗೆ ಸಾಕ್ಷಿ ಮೈಸೂರಿನಲ್ಲೇ ಇದೆ: ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟಿದ್ದ ಶಿಶುಗಳ ಜನನ ತೂಕದ ವಿವರಗಳನ್ನು ಹಿಡಿದು, 1990ರ ದಶಕದಲ್ಲಿ ಸಂಶೋಧಕರು ಆ ಶಿಶುಗಳನ್ನು ನಡುವಯಸ್ಸಿನವರಾಗಿ ಹುಡುಕಿ, ಹೃದ್ರೋಗ ಮತ್ತು ಮಧುಮೇಹದ ಬೇರುಗಳನ್ನು ಅಧ್ಯಯನ ಮಾಡಿದರು.

ಇಷ್ಟಾದರೂ ನಿರ್ಣಯಕ್ಕೆ ಮೊದಲು ಕೆಲವು ವಿಷಯಗಳು ಇತ್ಯರ್ಥವಾಗಬೇಕು. ಕೂಲಿಗಾಗಿ ಊರು ಬಿಟ್ಟವರನ್ನು ಹುಡುಕುವವರು ಯಾರು? ಔಷಧಿ ಮುಟ್ಟದ, ಉಳಿದಂತೆ ಇಂಥದೇ ಬದುಕಿನ ಜನ ಹೋಲಿಕೆಗೆ ಎಲ್ಲಿ ಸಿಗುತ್ತಾರೆ? ಮೊದಲ ಎರಡು ವರ್ಷದ ಹಣ ಮುಗಿದ ಮೇಲೆ ಹೊಣೆ ಯಾರದು? ಒಂದು ವೈದ್ಯಕೀಯ ಕಾಲೇಜು ಬರವಣಿಗೆಯಲ್ಲಿ ಈ ಹೊಣೆ ಹೊರದಿದ್ದರೆ ನೋಂದಣಿ ತೆರೆಯಬೇಡಿ.

ನೋಂದಣಿಯ ಪುಸ್ತಕವು ಪಂಚಾಯಿತಿ ಕಚೇರಿಯಲ್ಲಿ ಇರಕೂಡದು. ಇಂಥ ಮನೆಯಲ್ಲಿ ಇಂಥ ಕಾಯಿಲೆ ಎಂಬ ಸುದ್ದಿ ಹರಡಿದರೆ ಹೆಣ್ಣುಮಕ್ಕಳ ಮದುವೆಗೂ, ಕೂಲಿಯವರ ಕೆಲಸಕ್ಕೂ ಅಡ್ಡಿಯಾದೀತು. ಪ್ರತಿಯೊಬ್ಬರ ಒಪ್ಪಿಗೆಯನ್ನು ಕನ್ನಡದಲ್ಲಿ ಓದಿ ಹೇಳಿಯೇ ಪಡೆಯಬೇಕು, ಬೇಡವೆಂದ ದಿನ ಹೆಸರು ತೆಗೆಯುವ ಹಕ್ಕು ಅವರಿಗಿರಬೇಕು, ತಪಾಸಣೆಯ ಫಲಿತಾಂಶ ಮೊದಲು ಅವರ ಕೈಗೇ ಬರಬೇಕು. ಈ ಮೂರನ್ನೂ ನಿರ್ಣಯದ ಮೊದಲ ಸಾಲುಗಳಲ್ಲೇ ಬರೆಸಿ.