ಘಟ್ಟ ಇಳಿಯುವ ಬಸ್ಸಿನ ಲೆಕ್ಕ

ಮಡಿಕೇರಿಯಿಂದ ಮಂಗಳೂರಿನ ಕಡೆಗೆ ಹೊರಟ ಬಸ್ಸಿನಲ್ಲಿ ಜೋಡುಪಾಲ ದಾಟುವ ಹೊತ್ತಿಗೆ ಒಮ್ಮೊಮ್ಮೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಬ್ರೇಕ್ ಲೈನಿಂಗ್ ಕಾದ ವಾಸನೆ ಅದು. ಅದರ ಬೆಲೆ ಎಷ್ಟೆಂದು ಲೆಕ್ಕ ಹಾಕಬಹುದು. ಸಂಪಾಜೆ ತಲುಪುವಷ್ಟರಲ್ಲಿ ಬಸ್ಸು ಹೆಚ್ಚುಕಡಿಮೆ 1,000 ಮೀಟರ್ ಕೆಳಗಿಳಿದಿರುತ್ತದೆ. ಜನ, ಲಗೇಜು ಎಲ್ಲ ಸೇರಿ 15 ಟನ್ ತೂಗುವ ಬಸ್ಸು ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 40 ಯೂನಿಟ್. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಉರುಳುವ ಟೈರು ಮತ್ತು ಎದುರುಗಾಳಿ ಹತ್ತು ಯೂನಿಟ್ ನುಂಗಿದರೂ ಮೂವತ್ತು ಉಳಿಯುತ್ತದೆ. ಚಾಲಕ ಗೇರು ಇಳಿಸಿ, ಇಂಜಿನ್ನಿನ ಹೊಗೆಗೆ ತಡೆಯೊಡ್ಡಿ ವೇಗ ತಗ್ಗಿಸುವ ಎಗ್ಸಾಸ್ಟ್ ಬ್ರೇಕ್ ಹಾಕಿ, ತಿರುವಿಗೊಮ್ಮೆ ಪೆಡಲ್ ಒತ್ತಿ ಅದಿಷ್ಟನ್ನೂ ಬಿಸಿಯಾಗಿಸಿ ಕಾಡಿನ ಗಾಳಿಗೆ ಬಿಡುತ್ತಾನೆ. ಬಿಡಲೇಬೇಕು, ಇಲ್ಲವಾದರೆ ಬಸ್ಸು ನಿಲ್ಲುವುದಿಲ್ಲ.

ಹೈಬ್ರಿಡ್ ಬಸ್ಸು ಕೈಹಾಕುವುದು ಈ ನಷ್ಟಕ್ಕೇ. ಅದರಲ್ಲಿ ಡೀಸೆಲ್ ಇಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು ಮತ್ತು ಬ್ಯಾಟರಿ ಇರುತ್ತವೆ. ವೇಗ ತಗ್ಗಿಸುವಾಗ ಚಕ್ರವೇ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಜನರೇಟರ್ ಆಗುತ್ತದೆ, ಬಸ್ಸಿನ ಓಟ ವಿದ್ಯುತ್ತಾಗಿ ಬ್ಯಾಟರಿ ಸೇರುತ್ತದೆ. ಮತ್ತೆ ಹೊರಡುವಾಗ ಅದೇ ವಿದ್ಯುತ್ತು ಬಸ್ಸನ್ನು ತಳ್ಳುತ್ತದೆ.

ಇಂಥ ಬಸ್ಸುಗಳ ಪ್ರಯೋಗ ನಡೆದದ್ದು ಬಹುಪಾಲು ನಗರಗಳಲ್ಲಿ. ನ್ಯೂಯಾರ್ಕ್ 1998ರ ಸುಮಾರಿಗೆ ಹತ್ತು ಬಸ್ಸುಗಳನ್ನು ರಸ್ತೆಗಿಳಿಸಿ ನೋಡಿತು. ಲಂಡನ್ 2006ರಲ್ಲಿ ಆರಂಭಿಸಿತು. ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ 2018ರಲ್ಲಿ ಟಾಟಾ ಕಂಪನಿಯ 25 ಹೈಬ್ರಿಡ್ ಬಸ್ಸುಗಳು ಬಂದವು. ಇವೆಲ್ಲಕ್ಕಿಂತ ನನಗೆ ಸ್ವಾರಸ್ಯವೆನಿಸುವುದು ಅಮೆರಿಕದ ಸಿಯಾಟಲ್‌ ನಗರದ ಪರೀಕ್ಷೆ. ಅಲ್ಲಿ ಒಂದೇ ಮಾದರಿಯ ಉದ್ದನೆಯ ಬಸ್ಸುಗಳಲ್ಲಿ ಕೆಲವಕ್ಕೆ ಹೈಬ್ರಿಡ್ ಯಂತ್ರ, ಕೆಲವಕ್ಕೆ ಬರೀ ಡೀಸೆಲ್. ಎರಡನ್ನೂ ಒಂದು ವರ್ಷ ಓಡಿಸಿ ಹೋಲಿಸಿದಾಗ ಹೈಬ್ರಿಡ್ ಬಸ್ಸು ಅಷ್ಟೇ ಇಂಧನದಲ್ಲಿ ಶೇ. 27ರಷ್ಟು ಹೆಚ್ಚು ದೂರ ಓಡಿತ್ತು. ಆದರೆ ಪ್ರಯೋಗಾಲಯದ ಉರುಳೆಗಳ ಮೇಲೆ ನಿಲ್ಲಿಸಿ, ನ್ಯೂಯಾರ್ಕಿನ ಮ್ಯಾನ್‌ಹಟನ್ ಬೀದಿಗಳ ಹೆಜ್ಜೆಗೊಮ್ಮೆ ನಿಲ್ಲುವ ಓಟವನ್ನು ಅನುಕರಿಸಿದಾಗ ಲಾಭ ಸುಮಾರು ಶೇ. 75ಕ್ಕೆ ಏರಿತು. ಸಿಯಾಟಲ್‌ನದೇ ದಾರಿಯನ್ನು ಅನುಕರಿಸಿದಾಗ ಸುಮಾರು ಶೇ. 30. ಬಸ್ಸು ಬದಲಾಗಿರಲಿಲ್ಲ, ದಾರಿ ಬದಲಾಗಿತ್ತು. ಕರಪತ್ರದಲ್ಲಿ ದಾರಿಯ ಹೆಸರಿಲ್ಲದೆ ಉಳಿತಾಯದ ಅಂಕಿಯನ್ನು ಮಾತ್ರ ಅಚ್ಚು ಹಾಕುವವರನ್ನು ನಂಬಬಾರದು ಎನ್ನುವುದು ಇದಕ್ಕೇ.

ಹಾಗಾದರೆ ನಮ್ಮ ಘಟ್ಟಕ್ಕೆ? ಗಂಟೆಗೆ 40 ಕಿ.ಮೀ. ವೇಗದ ಬಸ್ಸು ನಗರದ ನಿಲ್ದಾಣದಲ್ಲಿ ನಿಂತರೆ ಸಿಗಬಹುದಾದ ಶಕ್ತಿ ಕಾಲು ಯೂನಿಟ್ ಮಾತ್ರ. ಆದರೆ ಅದು ಎಂಟು ಹತ್ತು ಸೆಕೆಂಡಿನಲ್ಲಿ ನುಗ್ಗಿ ಬರುತ್ತದೆ, 100 ಕಿಲೋವ್ಯಾಟ್ ಆಸುಪಾಸಿನ ರಭಸದಲ್ಲಿ. ಸಂಪಾಜೆ ಘಟ್ಟದಲ್ಲಿ ಮೂವತ್ತು ಯೂನಿಟ್ ಬರುತ್ತದೆ, ಆದರೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನಿಧಾನವಾಗಿ, ಸರಾಸರಿ 30ರಿಂದ 40 ಕಿಲೋವ್ಯಾಟ್‌ನಂತೆ. ನಗರದ ಬ್ಯಾಟರಿಗೆ ದೊಡ್ಡ ಬಾಯಿ ಬೇಕು, ಘಟ್ಟದ ಬ್ಯಾಟರಿಗೆ ದೊಡ್ಡ ಹೊಟ್ಟೆ. ಐದು ಯೂನಿಟ್ ಹಿಡಿಯುವ ಬ್ಯಾಟರಿಯ ಬಸ್ಸನ್ನು ಇಲ್ಲಿಗೆ ತಂದರೆ ಮೊದಲ ಕೆಲವು ತಿರುವುಗಳಲ್ಲೇ ಅದು ತುಂಬಿಬಿಡುತ್ತದೆ. ಆಮೇಲೆ ಕೊಯನಾಡಿನವರೆಗೂ ಹಳೆಯ ಬ್ರೇಕೇ ಗತಿ, ಜೊತೆಗೆ ಬ್ಯಾಟರಿಯ ತೂಕ ಬೇರೆ.

ಇನ್ನೊಂದು ತೊಡಕು ಮೇಲಿನಿಂದಲೇ ಶುರುವಾಗುತ್ತದೆ. ಮೈಸೂರಿನಿಂದ ಬಂದ ಬಸ್ಸು ಮಡಿಕೇರಿಗೆ ತುಂಬಿದ ಬ್ಯಾಟರಿಯೊಡನೆ ಬಂದರೆ ಘಟ್ಟದ ಶಕ್ತಿಗೆ ಜಾಗವೇ ಇರುವುದಿಲ್ಲ. ಕುಶಾಲನಗರದಿಂದ ಮೇಲಕ್ಕೆ ಏರುವಾಗಲೇ ಅದನ್ನು ಖರ್ಚು ಮಾಡಿ ಖಾಲಿ ಮಾಡಿಕೊಂಡಿರಬೇಕು. ಜಿಪಿಎಸ್ ಮತ್ತು ದಾರಿಯ ಏರಿಳಿತದ ನಕ್ಷೆ ಇದ್ದರೆ ಯಂತ್ರವೇ ಈ ಮುಂದಾಲೋಚನೆ ಮಾಡಬಲ್ಲದು.

ಮಳೆಯ ವಿಷಯ ಇನ್ನೂ ಗಂಭೀರ. ಸಾಮಾನ್ಯವಾಗಿ ಮೋಟಾರು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ, ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರ ವಾಲುವುದು ಮುಂದಕ್ಕೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುವ ಸೂಚನೆ ಸಿಕ್ಕರೆ ಸಾಕು, ವ್ಯವಸ್ಥೆ ಮೋಟಾರಿನ ಹಿಡಿತ ಬಿಡಿಸಿ ಕೆಲಸವನ್ನು ಮಾಮೂಲಿ ಬ್ರೇಕಿಗೆ ಒಪ್ಪಿಸುತ್ತದೆ. ಜೀವ ಉಳಿಯುತ್ತದೆ, ಯೂನಿಟ್ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ಪ್ರಯೋಗ ಮಾಡುವವರು ಮಾರ್ಚಿನ ಒಣ ರಸ್ತೆಯಲ್ಲಿ ಓಡಿಸಿ ವರದಿ ಬರೆದು ಹೋದರೆ ಅದು ಅರ್ಧ ವರದಿ. ಜುಲೈಯಲ್ಲೂ ಬರಬೇಕು, ರಸ್ತೆ ಇದ್ದರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ದಾರಿಯೇ ಮುಚ್ಚಿಹೋಗಿತ್ತು.

ಹೊಟ್ಟೆ ದೊಡ್ಡದಿರುವ ಬ್ಯಾಟರಿ ಹಾಕಿದರೆ ಸಿಗುವುದೆಷ್ಟು? ಮೂವತ್ತು ಯೂನಿಟ್‌ನಲ್ಲಿ ಮೋಟಾರು, ತಂತಿ, ಬ್ಯಾಟರಿಗಳ ಸೋರಿಕೆ ಕಳೆದು ಚಕ್ರಕ್ಕೆ ಮರಳುವುದು ಹದಿನೆಂಟು ಇಪ್ಪತ್ತು ಎಂದಿಟ್ಟುಕೊಳ್ಳಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್ ಶಕ್ತಿ ಇದ್ದರೂ ಇಂಜಿನ್ ಚಕ್ರಕ್ಕೆ ತಲುಪಿಸುವುದು ಮೂರೂವರೆ, ನಾಲ್ಕು. ಅಂದರೆ ಒಂದು ಇಳಿತಕ್ಕೆ ನಾಲ್ಕೈದು ಲೀಟರ್. ಐದು ಯೂನಿಟ್‌ನ ಸಣ್ಣ ಬ್ಯಾಟರಿಯಾದರೆ ಒಂದು ಲೀಟರಿನ ಆಚೀಚೆ.