ಪದ ಪರಿಚಯ: ಸಹಾಯಕ ತಂತ್ರಜ್ಞಾನ

ಚಿತ್ರದುರ್ಗದ ಮಕ್ಕಳಿಗೆ ಓಬವ್ವನ ಕಥೆ ಹೇಳು ಅಂದರೆ ಸಾಕು. ಕಿಂಡಿ, ಒನಕೆ, ಹೈದರಾಲಿಯ ಸೈನಿಕರು, ಊಟಕ್ಕೆ ಹೋದ ಗಂಡ, ಒಂದನ್ನೂ ಬಿಡದೆ ಹೇಳುತ್ತಾರೆ. ಅದೇ ಕಥೆಯನ್ನು ಪುಸ್ತಕ ಕೊಟ್ಟು ಓದಿಸಿದರೆ ಕೆಲವರು ಮೊದಲ ಸಾಲಿನಲ್ಲೇ ನಿಂತುಬಿಡುತ್ತಾರೆ. ಬುದ್ಧಿ ಚುರುಕಾಗಿಯೇ ಇರುತ್ತದೆ. ಅಕ್ಷರವನ್ನು ಸದ್ದಿಗೆ ಹೊಂದಿಸುವ ಕೆಲಸ ಮಾತ್ರ ಸಲೀಸಾಗಿ ಆಗುವುದಿಲ್ಲ. ಇದು ಡಿಸ್ಲೆಕ್ಸಿಯಾ. ಬರೆಯುವುದು ಕಷ್ಟವಾದರೆ ಡಿಸ್‌ಗ್ರಾಫಿಯಾ, ಲೆಕ್ಕ ಕಷ್ಟವಾದರೆ ಡಿಸ್ಕ್ಯಾಲ್ಕುಲಿಯಾ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇವುಗಳಿಗೆ ಜಾಗವೇ ಇರಲಿಲ್ಲ. 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂದು ಸೇರಿದವು.

ಇಂಥ ಮಗುವಿಗೂ ಪಾಠಕ್ಕೂ ನಡುವೆ ಇರುವ ತಡೆಯನ್ನು ದಾಟಿಸುವ ಸಾಧನವೇ ಸಹಾಯಕ ತಂತ್ರಜ್ಞಾನ. ಓದಲು ಕಷ್ಟವಾದರೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಬರೆಯಲು ಕಷ್ಟವಾದರೆ ಮಾತನ್ನು ಅಕ್ಷರವಾಗಿಸುವ ವಾಯ್ಸ್ ಟೈಪಿಂಗ್. ಲೆಕ್ಕಕ್ಕೆ ಕ್ಯಾಲ್ಕುಲೇಟರ್. ಒಂದು ಸಾಲು ಮಾತ್ರ ಕಾಣುವಂತೆ ಕತ್ತರಿಸಿದ ರಟ್ಟು ಕೂಡ ಇದೇ ಸಾಲಿಗೆ ಸೇರುತ್ತದೆ. ಬೆಲೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ.

ಕನ್ನಡಕ್ಕೆ ಬಂದಾಗ ಇಂಗ್ಲಿಷಿಗೆ ಮಾಡಿದ್ದನ್ನು ಸುಮ್ನೆ ತಂದು ಕೂರಿಸಿದರೆ ಸಾಲದು. ‘ಚಿತ್ರದುರ್ಗ’ ಅನ್ನುವ ಹೆಸರನ್ನೇ ನೋಡಿ. ‘ತ್ರ’ದಲ್ಲಿ ರಕಾರ ಕೆಳಗೆ ಒತ್ತಾಗಿ ಕೂತಿದೆ. ‘ರ್ಗ’ದಲ್ಲಿ ರಕಾರದ ಸದ್ದು ಮೊದಲು ಬರುತ್ತದೆ, ಅದರ ಗುರುತು ಮಾತ್ರ ಗಕಾರದ ನಂತರ. ಕಣ್ಣಿಗೆ ಕಾಣುವ ಕ್ರಮ ಒಂದು, ಬಾಯಿಗೆ ಬರುವ ಕ್ರಮ ಇನ್ನೊಂದು. ಬ–ಭ, ಪ–ಷ, ಎ–ಏ ಇವುಗಳ ನಡುವೆ ಇರುವುದು ಒಂದು ಸಣ್ಣ ಗೆರೆಯ ವ್ಯತ್ಯಾಸ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳು ಒತ್ತೊತ್ತಾಗಿದ್ದರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತೆ ಕಾಣುತ್ತದೆ. ಹಾಗಾಗಿ ಕನ್ನಡದ ಮಗುವಿಗೆ ಬೇಕಾದದ್ದು ದೊಡ್ಡ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ, ಮತ್ತು ಓದುತ್ತಿರುವ ಪದಕ್ಕೆ ಬಣ್ಣ ಹಚ್ಚಿ ತೋರಿಸುತ್ತಾ ಹೋಗುವ ಧ್ವನಿ. ನೋಡುವುದು, ಕೇಳುವುದು ಒಟ್ಟಿಗೆ ನಡೆದಾಗ ‘ರ್ಗ’ದ ಗುಟ್ಟು ಮಗುವಿಗೆ ನಿಧಾನಕ್ಕೆ ಹಿಡಿತಕ್ಕೆ ಸಿಗುತ್ತದೆ.

ಈ ಧ್ವನಿ ನಮ್ಮ ಕೈಯಲ್ಲೇ ಇದೆ. ಆಂಡ್ರಾಯ್ಡ್ ಫೋನಿಗೆ ಕನ್ನಡದ ಧ್ವನಿ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ತಂತ್ರಾಂಶ ಇಸ್ಪೀಕ್ ಧ್ವನಿಯ ನೆರವಿನಿಂದ ಕನ್ನಡ ಓದುತ್ತದೆ, ಅದಕ್ಕೂ ದುಡ್ಡಿಲ್ಲ. ಆದರೂ ಕೆಲಸ ಕೆಡುವುದು ಎಲ್ಲಿ ಗೊತ್ತಾ? ಶಾಲೆಯ ನೋಟ್ಸ್‌ಗಳಲ್ಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಪುಟದ ಫೋಟೋ ತೆಗೆದು ಮಾಡಿದ ಪಿಡಿಎಫ್ ಬರೀ ಚಿತ್ರ, ಅಕ್ಷರ ಗುರುತಿಸುವ ತಂತ್ರಾಂಶ ಹಾಯಿಸದೆ ಅದನ್ನು ಓದಿಸಲಾಗುವುದಿಲ್ಲ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡಿದ್ದಾದರೆ ಅದೇ ನೋಟ್ಸ್ ತಕ್ಷಣ ಮಾತಾಡುತ್ತದೆ. ಹೊಸ ಆ್ಯಪ್ ಕೊಳ್ಳುವ ಮೊದಲು ಶಾಲೆಗಳು ಇದೊಂದನ್ನು ಸರಿಮಾಡಿಕೊಳ್ಳಲಿ ಅನ್ನುವುದು ನನ್ನ ಬಲವಾದ ಆಸೆ.

ವಾಯ್ಸ್ ಟೈಪಿಂಗ್‌ಗೆ ಬೇರೆ ಕಷ್ಟವಿದೆ. ದಾವಣಗೆರೆಯ ಮಗು ಮನೆಮಾತಿನ ಧಾಟಿಯಲ್ಲೇ ಹೇಳಿದರೆ ತಪ್ಪು ಬೀಳುವುದು ಜಾಸ್ತಿ. ತರಗತಿಯ ಗದ್ದಲವೂ ಸೇರಿಕೊಳ್ಳುತ್ತದೆ.

ಸಾಧನ ಸಿಕ್ಕಿತು ಅಂದ ಮಾತ್ರಕ್ಕೆ ತರಗತಿ ಎಲ್ಲರದಾಗುವುದಿಲ್ಲ. ಒಂದೇ ಮಗುವಿನ ಕೈಗೆ ಟ್ಯಾಬ್ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸಿದರೆ, ‘ಅವನಿಗೆ ಓದೋಕೆ ಬರಲ್ಲ’ ಅಂತ ಊರಿಗೇ ಸಾರಿದಂತೆ, ಅಲ್ವಾ? ಪಾಠದ ಧ್ವನಿ ಎಲ್ಲರಿಗೂ ಸಿಗಲಿ. ಬೇಕಾದವರು ಕೇಳುತ್ತಾರೆ, ಬೇಡದವರು ಓದುತ್ತಾರೆ. ಉತ್ತರವನ್ನು ಬರೆದೂ ಕೊಡಬಹುದು, ಹೇಳಿಯೂ ಕೊಡಬಹುದು ಅನ್ನುವ ನಿಯಮವೂ ಇಡೀ ತರಗತಿಗೆ ಇರಲಿ. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಕಾಸ್ಟ್ ಸಂಸ್ಥೆ ‘ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್’ ಎಂಬ ಹೆಸರಿನಲ್ಲಿ ರೂಪಿಸಿದ ಚೌಕಟ್ಟಿನ ತಿರುಳು ಇದೇ: ಪಾಠ ಯೋಜಿಸುವಾಗಲೇ ಹಲವು ದಾರಿ ಇಟ್ಟುಬಿಡುವುದು.

ಶೇ. 40 ಅಥವಾ ಹೆಚ್ಚು ನ್ಯೂನತೆ ಇದೆಯೆಂದು ಪ್ರಮಾಣಪತ್ರ ಪಡೆದ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಾಧನಗಳನ್ನು ಉಚಿತವಾಗಿ ಕೊಡಬೇಕು ಎಂದು 2016ರ ಕಾಯ್ದೆ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೂಡ ಅದರಲ್ಲಿದೆ. ತಾಲ್ಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಪ್ರಮಾಣಪತ್ರಕ್ಕೆ ಸಮಯ ಹಿಡಿಯಬಹುದು. ಅಷ್ಟರೊಳಗೆ ನಾಳಿನ ಪಾಠದ ನೋಟ್ಸನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಲು ಯಾರ ಸಹಿಯೂ ಬೇಕಿಲ್ಲ.